ಬಟ್ಟಿಯಲ್ಲಿ ಇಳಿಯುವ ಪರಿಮಳದ ನೀರು
(ವಕ್ಕಲೇರಿ ಹೋಬಳಿಯ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಉಪನ್ಯಾಸ)



‘ಬಟ್ಟಿ’ ಎಂದ ಕೂಡಲೇ ನಿಮ್ಮಲ್ಲಿ ಹಲವರ ಮುಖ ಗಂಟಾಗುತ್ತದೆ. ಆ ಮಾತು ಎಷ್ಟೋ ಮನೆಗಳ ಕಣ್ಣೀರು ಕಂಡಿದೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿದ್ದರ ಹಿಂದೆ ಹೆಣ್ಣುಮಕ್ಕಳ ಹೋರಾಟವೂ ಇತ್ತು. ಇಂದು ನಾವು ಹೇಳುವುದು ಬೇರೆ ಬಟ್ಟಿಯ ವಿಷಯ. ಇದರಲ್ಲಿ ಕೊಳೆ ಹಾಕುವುದಿಲ್ಲ, ಹುಳಿ ಬರಿಸುವುದಿಲ್ಲ, ಹಾಗಾಗಿ ಮದ್ಯ ಹುಟ್ಟುವುದಿಲ್ಲ. ಹೂವು, ಸೊಪ್ಪು, ಬೇರಿನ ಪರಿಮಳವನ್ನು ಆವಿಯ ಮೂಲಕ ನೀರಿಗೆ ಇಳಿಸುವುದಷ್ಟೇ.

ಇದು ನಮಗೆ ಹೊಸದೇನಲ್ಲ. ಮದುವೆ ಬಾಗಿಲಲ್ಲಿ ಪನ್ನೀರು ಎರಚುತ್ತಾರೆ. ಮಗುವಿಗೆ ಹೊಟ್ಟೆ ಉಬ್ಬರಿಸಿದರೆ ಅಜ್ಜಿಯರು ಓಮದ ನೀರು ನೆನೆಸಿಕೊಳ್ಳುತ್ತಿದ್ದರು. ಎರಡೂ ಇದೇ ಜಾತಿಯವು. ಉತ್ತರ ಪ್ರದೇಶದ ಕನೌಜ್‌ನಲ್ಲಿ ಇಂದಿಗೂ ತಾಮ್ರದ ಹಂಡೆ, ಬಿದಿರಿನ ಕೊಳವೆ ಇಟ್ಟು ಹೂವನ್ನು ಬಟ್ಟಿ ಇಳಿಸುತ್ತಾರೆ.

ಪರಿಮಳ ನೀರಿಗೆ ಬರುವುದು ಹೇಗೆ?

ಎಲೆ, ಹೂಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆಯ ಚೀಲಗಳಿವೆ. ಬಿಸಿ ಆವಿ ತಾಗಿದಾಗ ಎಣ್ಣೆ ಹೊರಬಂದು ಆವಿಯ ಜೊತೆ ಮೇಲೇರುತ್ತದೆ. ಆ ಆವಿ ತಣ್ಣಗಾದರೆ ಮತ್ತೆ ನೀರಾಗುತ್ತದೆ. ಎಣ್ಣೆ ಹೆಚ್ಚಿದ್ದರೆ ಮೇಲೆ ತೇಲುತ್ತದೆ. ಕೆಳಗಿನ ನೀರಿನಲ್ಲಿ ಪರಿಮಳದ ಅಂಶ ಸ್ವಲ್ಪ ಕರಗಿರುತ್ತದೆ. ಆ ನೀರೇ ನಮಗೆ ಬೇಕಾದ ಸುಗಂಧ ಜಲ. ನೀರಿಗೆ ಎಸೆನ್ಸ್ ಬೆರೆಸಿ ಬಾಟಲಿಗೆ ತುಂಬಿದ್ದು ಸುಗಂಧ ಜಲವಲ್ಲ.

ಯಾವುದು ಆಗುತ್ತದೆ, ಯಾವುದು ಆಗದು?

ಪರಿಮಳವಿರುವ ನಾಟಿ ಪನ್ನೀರು ಗುಲಾಬಿ, ಮಜ್ಜಿಗೆ ಹುಲ್ಲು, ತುಳಸಿ, ಪುದೀನ, ಲಾವಂಚದ ಬೇರು, ದವನ ಇವೆಲ್ಲ ಆಗುತ್ತವೆ. ದವನವನ್ನು ನವೆಂಬರ್ ಸುಮಾರಿಗೆ ಹಾಕಿದರೆ ಫೆಬ್ರವರಿ-ಮಾರ್ಚ್‌ನಲ್ಲಿ ಹೂವಿಗೆ ಬಂದಾಗ ಕೊಯ್ಯಬಹುದು.

ಮಾಲೂರು ಕಡೆ ಹೂವಿನ ತೋಟಗಳು ಬಹಳ. ‘ಮಾರ್ಕೆಟ್ಟಲ್ಲಿ ರೇಟು ಬಿದ್ದಾಗ ಉಳಿದ ಗುಲಾಬಿ ತರೋಣವೇ?’ ಎಂದು ನೀವು ಕೇಳಬಹುದು. ಬೇಡಿ. ಪಾಲಿಹೌಸಿನ ಉದ್ದ ಕಡ್ಡಿಯ ಗುಲಾಬಿ ನೋಡಲು ಚೆಂದ, ಆದರೆ ವಾಸನೆ ಕಡಿಮೆ, ಔಷಧಿ ಸಿಂಪಡಣೆ ಹೆಚ್ಚು. ಆ ಔಷಧಿಯ ಅಂಶವೂ ಆವಿಯ ಜೊತೆ ಬರಬಹುದು. ಮಲ್ಲಿಗೆಯ ನವಿರಾದ ಪರಿಮಳ ಆವಿಯ ಬಿಸಿ ತಡೆಯುವುದಿಲ್ಲ, ಅದನ್ನು ಕಾರ್ಖಾನೆಗಳಲ್ಲಿ ಬೇರೆ ವಿಧಾನದಿಂದ ತೆಗೆಯುತ್ತಾರೆ. ಹಾಗಾಗಿ ನಿಮ್ಮ ಹಿತ್ತಲಲ್ಲಿ, ಹೊಲದ ಬದುವಿನಲ್ಲಿ ಔಷಧಿ ಹೊಡೆಯದೆ ಬೆಳೆದದ್ದೇ ಒಳ್ಳೆಯದು.

ಮನೆಯಲ್ಲಿ ಮಾಡುವ ಕ್ರಮ

1. ಬಿಸಿಲೇರುವ ಮುಂಚೆ ಹೂವು ಕೊಯ್ದು 250 ಗ್ರಾಂ ಎಸಳು ಬಿಡಿಸಿ. ಸೊಪ್ಪಾದರೆ ಹೆಚ್ಚಿಕೊಳ್ಳಿ. ಲಾವಂಚದ ಬೇರನ್ನು ರಾತ್ರಿಯೇ ನೆನೆಹಾಕಿ.
2. ದೊಡ್ಡ ಸ್ಟೀಲ್ ಪಾತ್ರೆಯ ನಡುವೆ ಎತ್ತರದ ಸ್ಟೀಲ್ ಸ್ಟ್ಯಾಂಡ್ ಇಡಿ. ಸುತ್ತಲೂ ಎಸಳು ಹಾಕಿ 1 ಲೀಟರ್ ಒಳ್ಳೆಯ ಕುಡಿಯುವ ನೀರು ಸುರಿಯಿರಿ. ಅಲ್ಯೂಮಿನಿಯಂ ಪಾತ್ರೆ ಬೇಡ.
3. ಸ್ಟ್ಯಾಂಡಿನ ಮೇಲೆ ಖಾಲಿ ಬಟ್ಟಲು ಇಡಿ. ಅದು ನೀರಿನ ಮಟ್ಟಕ್ಕಿಂತ ಮೇಲಿರಲಿ.
4. ನಡುವೆ ಹಿಡಿ ಇರುವ ಮುಚ್ಚಳವನ್ನು ಬೋರಲಾಗಿ ಮುಚ್ಚಿ, ಮೇಲೆ ಐಸ್ ಅಥವಾ ತಣ್ಣೀರು ಹಾಕಿ. ಬಿಸಿಯಾದ ಹಾಗೆಲ್ಲ ಬದಲಿಸಿ. ಈ ನೀರು ಬೋರ್‌ವೆಲ್‌ನದಾದರೂ ಸರಿ.
5. ಸಣ್ಣ ಉರಿಯಲ್ಲಿ ಕಾಯಿಸಿ. ಆವಿ ಮುಚ್ಚಳಕ್ಕೆ ತಾಗಿ, ಹಿಡಿಯಿಂದ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಸುಮಾರು 250 ಮಿಲೀ ಆದಾಗ ನಿಲ್ಲಿಸಿ. ಮೊದಲು ಇಳಿದದ್ದರಲ್ಲೇ ಪರಿಮಳ ಹೆಚ್ಚು, ಕೊನೆಯದು ಬೆಂದ ಸೊಪ್ಪಿನ ವಾಸನೆ ಬರುತ್ತದೆ.

ಒಂದು ಎಚ್ಚರಿಕೆ: ಮುಚ್ಚಳಕ್ಕೆ ಹಿಟ್ಟು ಮೆತ್ತಬೇಡಿ, ಮೇಲೆ ಭಾರ ಹೇರಬೇಡಿ. ಆವಿಗೆ ಹೋಗಲು ದಾರಿ ಇಲ್ಲದಿದ್ದರೆ ಪಾತ್ರೆ ಸಿಡಿಯಬಹುದು. ತೆಗೆಯುವಾಗ ಆರಲು ಬಿಡಿ, ಮಕ್ಕಳನ್ನು ದೂರ ಇಡಿ.

ಕೆಡದಂತೆ ಇಡುವುದು

ಬಾಟಲಿ ತೊಳೆದರೆ ಸಾಲದು. ಗಾಜಿನ ಬಾಟಲಿಯನ್ನು 15 ನಿಮಿಷ ನೀರಿನಲ್ಲಿ ಕುದಿಸಿ, ಬೋರಲು ಹಾಕಿ ಪೂರಾ ಒಣಗಿಸಿ. ಒಳಗೆ ಬೆರಳು ಅದ್ದಬೇಡಿ. ಮಾಡಿದ ತಾರೀಖು ಬರೆದು ಅಂಟಿಸಿ. ಫ್ರಿಜ್ ಇಲ್ಲದಿದ್ದರೆ ಎರಡು ಮೂರು ದಿನಕ್ಕಾಗುವಷ್ಟೇ ಮಾಡಿ. ನೀರು ಮಬ್ಬಾದರೆ, ಬಿಳಿ ಎಳೆ ಕಂಡರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಯಾವುದಕ್ಕೆ ಬಳಸಬಹುದು?

ಬಿಸಿಲಿನಿಂದ ಬಂದು ಮುಖ ಒರೆಸಲು, ಸ್ನಾನದ ನೀರಿಗೆ ಬೆರೆಸಲು ಪನ್ನೀರು ಹಿತ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ತುರಿಸಿದರೆ ಬಳಸಬೇಡಿ. ಮಜ್ಜಿಗೆ ಹುಲ್ಲಿನ ನೀರನ್ನು ನೆಲ ಒರೆಸಲು ಬಳಸಿದರೆ ಮನೆ ಘಮಘಮಿಸುತ್ತದೆ. ಆದರೆ ಇದು ಔಷಧಿಯಲ್ಲ. ಕಣ್ಣಿಗೆ, ಗಾಯಕ್ಕೆ ಹಾಕಬೇಡಿ, ಹಸುಗೂಸಿಗೆ ಕುಡಿಸಬೇಡಿ. ಸೊಳ್ಳೆ ಓಡುತ್ತೆ ಅಂತ ನಂಬಿ ಸೊಳ್ಳೆ ಪರದೆ ಬಿಡಲೂಬೇಡಿ.

ಮಾರುವ ಮುಂಚೆ ಲೆಕ್ಕ

ಒಂದು ಉದಾಹರಣೆ ನೋಡೋಣ. ಹೂವಿಗೆ 25 ರೂಪಾಯಿ, ಗ್ಯಾಸಿಗೆ 15, ಮೂರು ಬಾಟಲಿಗೆ 30, ನಿಮ್ಮ ದುಡಿಮೆಗೆ 50 ಎಂದಿಟ್ಟುಕೊಳ್ಳಿ. ಒಟ್ಟು 120 ಆಯಿತು. ಬಾಟಲಿಗೆ 40ರಂತೆ ಮಾರಿದರೆ ಲಾಭ ಸೊನ್ನೆ. ‘ನಮ್ಮ ದುಡಿಮೆಗೆ ಏನು ಲೆಕ್ಕ ಬಿಡಿ’ ಎನ್ನುವವರೇ ನಮ್ಮಲ್ಲಿ ಹೆಚ್ಚು. ಆ 50 ರೂಪಾಯಿಯನ್ನು ಮೊದಲು ಬರೆಯಿರಿ, ಆಮೇಲೆ ಬೆಲೆ ಕಟ್ಟಿ.

ಮುಖಕ್ಕೆ ಹಚ್ಚುವ ವಸ್ತುವೆಂದು ತಯಾರಿಸಿ ಮಾರಲು ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ತಿನ್ನುವ, ಕುಡಿಯುವ ವಸ್ತುವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಇದು ತಿಳಿಯದೆ ಯಂತ್ರಕ್ಕಾಗಿ ಸಾಲ ಎತ್ತಬೇಡಿ. ವಾರವಾರ ಹತ್ತು ಇಪ್ಪತ್ತು ಕೂಡಿಸಿದ ಉಳಿತಾಯದ ಹಣ ಅದು. ದೊಡ್ಡದಾಗಿ ಮಾಡುವ ಮನಸ್ಸಿದ್ದರೆ ಬೆಂಗಳೂರಿನ ಅಲ್ಲಾಳಸಂದ್ರದಲ್ಲಿ ಸುಗಂಧ ಸಸ್ಯಗಳ ಸಂಶೋಧನೆ ನಡೆಸುವ ಸಿಮ್ಯಾಪ್ ಕೇಂದ್ರವಿದೆ. ಗುಂಪಿನಿಂದ ಇಬ್ಬರು ಹೋಗಿ ವಿಚಾರಿಸಿ ಬನ್ನಿ.

ಮುಂದಿನ ವಾರದ ಸಭೆಯಲ್ಲಿ ಇಷ್ಟು ಮಾಡಿ: ಯಾರ ಹಿತ್ತಲಲ್ಲಿ ಏನಿದೆ ಅಂತ ಪಟ್ಟಿ ಮಾಡಿ, ಒಂದೇ ಗಿಡ ಆರಿಸಿ, ಒಂದು ಪಾತ್ರೆಯಲ್ಲಿ ಎಲ್ಲರೂ ಸೇರಿ ಇಳಿಸಿ ನೋಡಿ. ಖರ್ಚನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಮೊದಲ ಬಾಟಲಿ ನಿಮ್ಮ ಮನೆಗಳಿಗೇ ಇರಲಿ. ಒಂದು ತಿಂಗಳು ಬಳಸಿ ನಿಮಗೆ ಒಪ್ಪಿಗೆಯಾದರೆ ಮಾರುವ ಮಾತು ತೆಗೆಯೋಣ.