ಹಿಂದಿನ ಜನ್ಮದ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2004ರ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆ ಮಾತನಾಡಿ ಎಂದರು. ಕಂಪ್ಯೂಟರ್ ಬಗ್ಗೆ ನನಗಿಂತ ಚೆನ್ನಾಗಿ ಈಗಿನ ಮಕ್ಕಳಿಗೇ ಗೊತ್ತು. ನಾನು ಈ ಶಾಲೆಯಲ್ಲಿ ಕಲಿತ ಬೇರೊಂದು ಪಾಠವನ್ನು ಹೇಳುತ್ತೇನೆ ಎಂದು ಅವರನ್ನು ಒಪ್ಪಿಸಿದೆ. ಅದು ಆತ್ಮ ಮತ್ತು ಪುನರ್ಜನ್ಮಕ್ಕೆ ಸಂಬಂಧಿಸಿದ್ದು. ಎಂಜಿನಿಯರಿಗೆ ಇದೇಕೆ ಎಂದು ನಗಬೇಡಿ. ನಮ್ಮ ಮನೆಯಲ್ಲಿ ಈ ವಿಷಯ ಪುರಾಣದ್ದಾಗಿರಲಿಲ್ಲ, ದಿನನಿತ್ಯದ್ದಾಗಿತ್ತು.

ನಮ್ಮ ತಾತ ತೀರಿಕೊಂಡದ್ದು 1995ರಲ್ಲಿ. ನನಗೆ ಆಗ ಏಳು ವರ್ಷ. ತಿಥಿಯ ಹಿಂದಿನ ರಾತ್ರಿ ಒಲೆಯ ಬೂದಿಯನ್ನು ಜರಡಿ ಹಿಡಿದು, ನಡುಮನೆಯ ನೆಲದ ಮೇಲೆ ತೆಳ್ಳಗೆ ಹರಡಿ, ಅದರ ಮೇಲೆ ಮಂಕರಿ ಕವುಚಿ ಹಾಕಿದರು. ಬೆಳಿಗ್ಗೆ ಎತ್ತಿದಾಗ ಬೂದಿಯ ಮೇಲೆ ಯಾವ ಗುರುತು ಇರುತ್ತದೋ, ಹೋದ ಜೀವ ಆ ಜನ್ಮಕ್ಕೆ ಸೇರಿತು ಎಂಬ ನಂಬಿಕೆ. ದೊಡ್ಡಪ್ಪ ಹಸುವಿನ ಗೊರಸು ಎಂದರು. ಚಿಕ್ಕಪ್ಪ ಮಗುವಿನ ಪಾದ ಎಂದರು. ನನಗೆ ಕಂಡದ್ದು ಜಿರಳೆ ಓಡಾಡಿದ ಗೆರೆ. ಹೊಡೆತ ಬೀಳುತ್ತದೆಂದು ಸುಮ್ಮನಿದ್ದೆ. ಅಜ್ಜಿ ಬಹಳ ಹೊತ್ತು ನೋಡಿ, "ಮನೆಗೇ ಬತ್ತಾರೆ ಬಿಡು" ಅಂದಳು.

ಮರುವರ್ಷ ನನ್ನ ತಮ್ಮ ಹುಟ್ಟಿದ. ತಾತನಿಗೆ ಎಡಗಿವಿಯ ಹಿಂದೆ ಒಂದು ಮಚ್ಚೆ ಇತ್ತು. ಇವನಿಗೂ ಅಲ್ಲೇ ಮಚ್ಚೆ. ಇನ್ನು ಕೇಳಬೇಕೆ? ಊರೆಲ್ಲ ಬಂದು ನೋಡಿತು. ಅಜ್ಜಿ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಗಂಡನ ಹೆಸರು ಹೇಳಬಾರದಲ್ಲ! "ಯಜಮಾನ್ರಿಗೆ ಹಾಲು ಕೊಡು", "ಯಜಮಾನ್ರು ಎದ್ರಾ" ಎನ್ನುತ್ತಿದ್ದಳು. ಸತ್ತ ಮನೆಯಲ್ಲಿ ಮತ್ತೆ ನಗು ಬಂತು. ಪುನರ್ಜನ್ಮ ಎಂಬ ನಂಬಿಕೆ ಒಂದು ಮನೆಗೆ ಎಷ್ಟು ಸಮಾಧಾನ ಕೊಡಬಲ್ಲದು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಅದನ್ನು ಹಗುರವಾಗಿ ಹಂಗಿಸಲಾರೆ.

ತಮ್ಮನಿಗೆ ಒಂದೂವರೆ ವರ್ಷವಾದಾಗ ಒಂದು ದಿನ ಅಡುಗೆಮನೆಯಲ್ಲಿ ಹಿತ್ತಾಳೆಯ ಕೊಳಗ ಕೈಜಾರಿ ಬಿತ್ತು. ನಾವೆಲ್ಲ ಬೆಚ್ಚಿದೆವು. ಅಲ್ಲೇ ಬೆನ್ನು ಮಾಡಿ ಆಡುತ್ತಿದ್ದ ಅವನು ತಿರುಗಲಿಲ್ಲ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಮಕ್ಕಳು ಗಮನವಿಟ್ಟು ಕೇಳಬೇಕು. "ತಾತನೇ ಬಂದವ್ರೆ" ಎಂದಿದ್ದ ಬಾಯಿಗಳೇ "ಯಾವ ಜನ್ಮದ ಪಾಪವೋ" ಎಂದವು. ಹೇಳಿದವರು ಕೆಟ್ಟವರೇನಲ್ಲ. ಮರುಕದಿಂದಲೇ ಹೇಳಿದರು. ಕೆಲವರು ಪಾಪ ತಮ್ಮನದು ಎಂದರು, ಕೆಲವರು ಅಮ್ಮನದು ಎಂದರು. ಅಮ್ಮ ಮದುವೆ, ನಾಮಕರಣಗಳಿಗೆ ಹೋಗುವುದನ್ನು ನಿಲ್ಲಿಸಿದಳು. ನಾಗರಪ್ರತಿಷ್ಠೆ ಆಯಿತು, ಹರಕೆ ಆಯಿತು, ಮುಡಿ ಕೊಟ್ಟದ್ದಾಯಿತು. ಅನುಭವಿಸಿಯೇ ತೀರಬೇಕಾದ ಕರ್ಮ ಎಂದು ತೀರ್ಮಾನವಾದ ಮೇಲೆ ಆಸ್ಪತ್ರೆಯ ಮಾತು ಯಾರೂ ಎತ್ತಲಿಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಮ್ಮೂರಿಂದ ಮೈಸೂರಿಗೆ ಬಸ್ಸಿನಲ್ಲಿ ಮೂರು ಗಂಟೆ. ಆ ಮೂರು ಗಂಟೆಯ ದಾರಿ ಸವೆಸಲು ನಮ್ಮ ಮನೆಗೆ ಐದು ವರ್ಷ ಹಿಡಿಯಿತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಇದೇ ಕಟ್ಟಡದ ಪಕ್ಕದ ಹೆಂಚಿನ ಕೊಠಡಿಯಲ್ಲಿ, ನಮ್ಮ ಕನ್ನಡ ಮೇಷ್ಟ್ರು ಒಂದು ಮಧ್ಯಾಹ್ನ ಜನ್ನನ 'ಯಶೋಧರ ಚರಿತೆ'ಯ ಕಥೆ ಹೇಳಿದರು. ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ. ಕಾವ್ಯ ಬರೆದದ್ದು 1209ರಲ್ಲಿ. ಯಶೋಧರ ರಾಜ ತಾಯಿಯ ಒತ್ತಾಯಕ್ಕೆ ಮಣಿದು, ನಿಜವಾದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಮಾಡಿ ದೇವಿಗೆ ಬಲಿ ಕೊಡುತ್ತಾನೆ. ಕತ್ತರಿಸಿದ್ದು ಹಿಟ್ಟನ್ನೇ. ಆದರೆ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪ ಇತ್ತಲ್ಲ, ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾಗಿ ಪ್ರಾಣಿಜನ್ಮಗಳಲ್ಲಿ ಸುತ್ತಿ, ಪ್ರತಿ ಸಲವೂ ಹಿಂಸೆಗೆ ಸಿಕ್ಕಿ, ಕೊನೆಗೆ ಅಭಯರುಚಿ, ಅಭಯಮತಿ ಎಂಬ ಅಣ್ಣ ತಂಗಿಯರಾಗಿ ಹುಟ್ಟುತ್ತಾರೆ.

ತರಗತಿ ಮುಗಿದ ಮೇಲೆ ನಾನು ಮೇಷ್ಟ್ರ ಹಿಂದೆಯೇ ಹೋಗಿ ಕೇಳಿದೆ: "ಸಾರ್, ನನ್ನ ತಮ್ಮ ಯಾವ ಕೋಳಿ ಕಡಿದಿದ್ದ?"

ಅವರು ಸೈಕಲ್ಲಿನ ಸ್ಟ್ಯಾಂಡ್ ಹಾಕಿ ನಿಂತರು. ಸ್ವಲ್ಪ ಹೊತ್ತು ಬಿಟ್ಟು ನನಗೇ ಒಂದು ಪ್ರಶ್ನೆ ಹಾಕಿದರು. "ಈ ಕಥೆಯನ್ನ ಹೇಳೋದು ಯಾರು?"

"ಜನ್ನ, ಸಾರ್."

"ಕಾವ್ಯದ ಒಳಗೆ ಯಾರು ಹೇಳ್ತಾರೆ?"

"ಅಭಯರುಚಿ."

"ಯಾರ ಪಾಪದ ಕಥೆ?"

"ಅವನದೇ."

"ಅಷ್ಟೇ ನೋಡಪ್ಪ. ಅವನು ತನ್ನ ಕರ್ಮದ ಲೆಕ್ಕ ತಾನು ಹೇಳ್ಕೊಂಡ. ಅದನ್ನ ಕೇಳಿ ಮಾರಿದತ್ತ ರಾಜ ಕತ್ತಿ ಕೆಳಗಿಟ್ಟ. ಇನ್ನೊಬ್ಬರ ಮನೆಯ ಕೂಸಿನ ಲೆಕ್ಕ ಬರೆಯೋ ಅಧಿಕಾರ ಜನ್ನ ಯಾರಿಗೂ ಕೊಟ್ಟಿಲ್ಲ."

ಆ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದರು. ಪುನರ್ಜನ್ಮ ಸುಳ್ಳು ಎಂದು ಭಾಷಣ ಮಾಡಲಿಲ್ಲ. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಅಜ್ಜಿಯನ್ನು ಕೇಳಿದರು: "ಅಜ್ಜೀ, ಈ ಮಗು ನಿಮ್ಮ ಯಜಮಾನ್ರೇ ಅಂತೀರಲ್ಲ, ನಿಜವಾ?"

"ನಿಜವೇ ಕಣಪ್ಪ. ಮಚ್ಚೆ ನೋಡು."

"ಯಜಮಾನ್ರಿಗೆ ಕಿವಿ ಕೇಳದೇ ಹೋಗಿದ್ರೆ ಏನ್ ಮಾಡ್ತಿದ್ರಿ? ಪಾಪದ ಫಲ ಅಂತ ಮೂಲೇಲಿ ಕೂರಿಸ್ತಿದ್ರಾ, ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರಾ?"

ಅಜ್ಜಿ ಮಾತಾಡಲಿಲ್ಲ. ಒಳಗೆ ಹೋಗಿ ರಾಗಿಯ ವಾಡೆಯ ಹಿಂದಿನಿಂದ ಒಂದು ಬಟ್ಟೆಯ ಗಂಟು ತಂದಳು. ಕಾಶಿಗೆ ಹೋಗಲೆಂದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು. ಮರುವಾರವೇ ಅಪ್ಪ, ಅಮ್ಮ, ತಮ್ಮ ಮೈಸೂರಿನ ಬಸ್ಸು ಹತ್ತಿದರು. ಅಜ್ಜಿ ಕೊನೆಯವರೆಗೂ ಕಾಶಿ ನೋಡಲಿಲ್ಲ.

ಪರೀಕ್ಷೆ ಮಾಡಿದ ವೈದ್ಯರು ಬೈಯಲಿಲ್ಲ. "ಎರಡು ವರ್ಷದೊಳಗೆ ಕರೆತಂದಿದ್ದರೆ ಚೆನ್ನಾಗಿತ್ತು" ಎಂದರಂತೆ. ಕಿವಿ ಕೇಳದ ಮಗುವಿಗೆ ಮೊದಲ ಕೆಲವು ವರ್ಷಗಳಲ್ಲೇ ಒಂದು ಭಾಷೆ ಸಿಗಬೇಕು. ಶ್ರವಣಯಂತ್ರದ ಮೂಲಕ ಮಾತೇ ಆಗಲಿ, ಕೈಸನ್ನೆಯ ಭಾಷೆಯೇ ಆಗಲಿ, ತಡವಾದಷ್ಟೂ ಕಷ್ಟ. ನನ್ನ ತಮ್ಮ ವಿಶೇಷ ಶಾಲೆಗೆ ಹೋದ, ಸನ್ನೆಭಾಷೆ ಕಲಿತ, ಕಂಪ್ಯೂಟರ್ ಕಲಿತ. ಈ ವೇದಿಕೆಯ ಹಿಂದೆ ಕಟ್ಟಿರುವ ಬ್ಯಾನರಿನ ವಿನ್ಯಾಸ ಅವನದೇ. ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಆದರೆ ಉದ್ದುದ್ದ ವಾಕ್ಯ ಓದಲು ಅವನಿಗೆ ಇವತ್ತಿಗೂ ತ್ರಾಸ. ಅದು ಹಿಂದಿನ ಜನ್ಮದ ಫಲವಲ್ಲ. ನಾವು ದೊಡ್ಡವರು ಈ ಜನ್ಮದಲ್ಲಿ ಕಳೆದ ಐದು ವರ್ಷಗಳ ಫಲ.

ಮುಂದೆ ನಾನು ಬಿ.ಇ. ಸೇರಿದೆ. ರಜೆಗೆ ಬಂದಾಗ ಅಜ್ಜಿಯ ಮುಂದೆ ಜಾಣತನ ತೋರಿಸಿದೆ: "ಅಜ್ಜಿ, ದೇಹ ಅಂದ್ರೆ ಕಂಪ್ಯೂಟರ್ ಡಬ್ಬ. ಆತ್ಮ ಅಂದ್ರೆ ಒಳಗಿರೋ ಸಾಫ್ಟ್‌ವೇರ್. ಡಬ್ಬ ಹೋದ್ರೆ ಇನ್ನೊಂದಕ್ಕೆ ಹಾಕಬಹುದು."

ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೇಳಿದಳು: "ಒಂದೇ ಸಲಕ್ಕೆ ಎಷ್ಟು ಡಬ್ಬಕ್ಕೆ ಹಾಕಬೌದು?"

"ಎಷ್ಟಕ್ಕೆ ಬೇಕಾದ್ರೂ."

"ಹಂಗಾದ್ರೆ ಅದು ಆತ್ಮ ಅಲ್ಲ ಬಿಡು. ನಿಮ್ಮ ತಾತ ಒಬ್ರೇ."

ಈ ಮಾತು ನನ್ನನ್ನು ಓದಿಗೆ ಹಚ್ಚಿತು. ಹೋಗುವುದು ಏನು, ಉಳಿಯುವುದು ಏನು ಎಂಬ ಬಗ್ಗೆ ನಮ್ಮ ದೇಶದಲ್ಲಿ ಒಂದೇ ಉತ್ತರ ಇಲ್ಲ ಎಂದು ಆಗ ತಿಳಿಯಿತು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಹಳೆಯ ಬಟ್ಟೆ ಬಿಟ್ಟು ಹೊಸದು ತೊಡುವ ಹೋಲಿಕೆ ಇದೆ. ಶಂಕರರ ಅದ್ವೈತದಲ್ಲಿ ನಿಜವಾಗಿ ಇರುವುದು ಒಂದೇ ಆತ್ಮ, ಬೇರೆ ಬೇರೆ ಎಂದು ಕಾಣುವುದು ಅಜ್ಞಾನದಿಂದ. ಉಡುಪಿಯ ಮಧ್ವಾಚಾರ್ಯರು ಒಂದೊಂದು ಜೀವವೂ ಬೇರೆಯೇ, ಆ ಭೇದ ನಿಜವೇ ಎಂದರು. ನಮ್ಮ ಅಜ್ಜಿ ಓದದೆಯೇ ಆ ಪಕ್ಷ! ಜೈನರಿಗೆ ಜೀವಗಳು ಅನಂತ. ಕರ್ಮ ಎಂಬುದು ಜೀವಕ್ಕೆ ಅಂಟುವ ಅತಿ ಸೂಕ್ಷ್ಮ ದ್ರವ್ಯ. ಬೌದ್ಧರು ಶಾಶ್ವತವಾದ ಆತ್ಮವನ್ನೇ ಒಪ್ಪುವುದಿಲ್ಲ, ಆದರೂ ಮರುಹುಟ್ಟನ್ನು ಒಪ್ಪುತ್ತಾರೆ. ಅದು ಹೇಗೆ ಎಂದು ಮಿಲಿಂದ ರಾಜ ಕೇಳಿದಾಗ ಭಿಕ್ಷು ನಾಗಸೇನ ಕೊಟ್ಟ ಉದಾಹರಣೆ ದೀಪದ್ದು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಾಗ ಮೊದಲ ದೀಪದಿಂದ ಯಾವ ವಸ್ತುವೂ ದಾಟಿ ಹೋಗುವುದಿಲ್ಲ, ಆದರೆ ಎರಡಕ್ಕೂ ಸಂಬಂಧ ಇದೆ. ಚಾರ್ವಾಕರಂತೂ ದೇಹ ಸುಟ್ಟ ಮೇಲೆ ಏನೂ ಉಳಿಯದು ಎಂದುಬಿಟ್ಟರು. ಇಷ್ಟು ಬಗೆಯ ಉತ್ತರಗಳು ಒಂದೇ ನೆಲದಲ್ಲಿ ಜಗಳವಾಡಿಕೊಂಡು ಬಾಳಿದವು.

ವಿಜ್ಞಾನ ಏನು ಹೇಳುತ್ತದೆ ಎಂದು ನೀವು ಕೇಳಬಹುದು. 1926ರಲ್ಲಿ ದೆಹಲಿಯಲ್ಲಿ ಹುಟ್ಟಿದ ಶಾಂತಿದೇವಿ ಎಂಬ ಹುಡುಗಿ ತನ್ನ ಹಿಂದಿನ ಜನ್ಮ ಮಥುರಾದಲ್ಲಿ ಎಂದು ಹೇಳಿ ದೇಶದಲ್ಲೆಲ್ಲ ಸುದ್ದಿಯಾಗಿದ್ದಳು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಇಂಥ ಮಕ್ಕಳನ್ನು ಹುಡುಕಿಕೊಂಡು ಹಲವು ದೇಶ ಸುತ್ತಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ಅವರೂ ಭಾರತದ ಇಂಥ ಪ್ರಕರಣಗಳನ್ನು ಅಧ್ಯಯನ ಮಾಡಿದರು. ಆದರೆ 1966ರ ತಮ್ಮ ಪುಸ್ತಕಕ್ಕೆ ಹೆಸರಿಡುವಾಗ ಸ್ಟೀವನ್ಸನ್ ಪುನರ್ಜನ್ಮವನ್ನು 'ಸಾಬೀತು ಮಾಡುವ' ಪ್ರಕರಣಗಳು ಎನ್ನಲಿಲ್ಲ, 'ಸೂಚಿಸುವ' ಪ್ರಕರಣಗಳು ಎಂದಷ್ಟೇ ಬರೆದರು. ಮಗು ಹೇಳಿದ ಒಂದು ಮಾತಿಗೆ ಮನೆಯವರು ಹತ್ತು ಮಾತು ಸೇರಿಸುತ್ತಾರೆ, ನೆನಪು ಮೋಸ ಮಾಡುತ್ತದೆ ಎಂಬ ಆಕ್ಷೇಪಗಳೂ ಬಂದವು. ಬೂದಿಯ ಮೇಲೆ ದೊಡ್ಡಪ್ಪನಿಗೆ ಗೊರಸು, ಚಿಕ್ಕಪ್ಪನಿಗೆ ಪಾದ ಕಂಡದ್ದನ್ನು ನೋಡಿದ ನನಗೆ ಆ ಆಕ್ಷೇಪಗಳು ಅರ್ಥವಾಗುತ್ತವೆ. ಪುನರ್ಜನ್ಮ ಇದೆಯೋ ಇಲ್ಲವೋ ಎಂದು ನಾನು ತೀರ್ಪು ಹೇಳಲಾರೆ.

ಆದರೆ ನನ್ನ ಓದಿನಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಬುದ್ಧನ ಒಂದು ಸಂವಾದ. ಸೀವಕ ಎಂಬ ಪರಿವ್ರಾಜಕ ಬಂದು, ಮನುಷ್ಯ ಪಡುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ತಾವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಬುದ್ಧ ಹಾಗೆ ಹೇಳುವುದು ಸರಿಯಲ್ಲ ಎನ್ನುತ್ತಾನೆ. ನೋವಿಗೆ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಅವು ಮೂರೂ ಕೂಡಿದ್ದು, ಋತು ಬದಲಾಗುವುದು, ಆರೈಕೆಯ ಏರುಪೇರು, ಹೊರಗಿನ ಪೆಟ್ಟು. ಇವೆಲ್ಲ ಆದ ಮೇಲೆ ಎಂಟನೆಯದು ಕರ್ಮ. ಕರ್ಮವನ್ನು ನಂಬಿದ ಬುದ್ಧನೇ ಎಲ್ಲವನ್ನೂ ಅದರ ತಲೆಗೆ ಕಟ್ಟಲಿಲ್ಲ.

ನಮ್ಮ ಎಂಜಿನಿಯರಿಂಗ್ ಕೆಲಸದಲ್ಲೂ ಹೀಗೆಯೇ. ಪ್ರೋಗ್ರಾಂ ಕೆಟ್ಟಾಗ "ಹಳಬರು ಬರೆದದ್ದು, ಅದರ ಹಣೆಬರಹ" ಎಂದು ಕೈಕಟ್ಟಿ ಕೂತವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕೈಗೆ ಸಿಗುವ ಕಾರಣಗಳನ್ನು ಒಂದೊಂದಾಗಿ ನೋಡಬೇಕು. ಕಿವುಡಿಗೂ ಕೈಗೆ ಸಿಗುವ ಕಾರಣಗಳಿವೆ: ಬಸುರಿಯಲ್ಲಿ ತಗಲುವ ರುಬೆಲ್ಲಾ ಸೋಂಕು, ಹುಟ್ಟಿದ ಮಗುವಿನ ತೀವ್ರ ಕಾಮಾಲೆ, ಮೆದುಳಿನ ಪೊರೆಯ ಸೋಂಕು, ವಂಶವಾಹಿ. ಈಗ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಕಿವಿ ಪರೀಕ್ಷೆ ಮಾಡುವ ಯಂತ್ರಗಳಿವೆ. ಇಲ್ಲಿ ಕೂತಿರುವ ತಾಯಂದಿರು, ಆಶಾ ಕಾರ್ಯಕರ್ತೆಯರು ಇದನ್ನು ಊರಿನಲ್ಲಿ ನಾಲ್ಕು ಜನರಿಗೆ ಹೇಳಿ. ನನ್ನ ಭಾಷಣದಿಂದ ಅಷ್ಟಾದರೆ ಸಾಕು.

ಮುಗಿಸುವ ಮುನ್ನ ಕಠೋಪನಿಷತ್ತಿನ ನಚಿಕೇತನನ್ನು ನೆನೆಯುತ್ತೇನೆ. ಅವನೂ ನಿಮ್ಮಂಥ ಹುಡುಗನೇ. ಯಮನ ಮನೆ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕೂತು ಮೂರು ವರ ಪಡೆದ. ಸತ್ತ ಮೇಲೆ ಏನಾಗುತ್ತದೆ ಎಂಬ ಅವನ ಪ್ರಶ್ನೆ ಎಲ್ಲರಿಗೂ ಗೊತ್ತು. ದೇವತೆಗಳಿಗೂ ಹಿಂದೆ ಇದರಲ್ಲಿ ಸಂಶಯವಿತ್ತು, ಬೇರೆ ಏನಾದರೂ ಕೇಳು ಎಂದು ಯಮನೇ ಹಿಂಜರಿಯುತ್ತಾನೆ. ಆದರೆ ಅದು ಮೂರನೆಯ ವರ. ಮೊದಲನೆಯ ವರ ಏನು ಗೊತ್ತೇ? ಮನೆಯಲ್ಲಿ ಕೋಪ, ಚಿಂತೆಯಲ್ಲಿರುವ ಅಪ್ಪನ ಮನಸ್ಸು ಶಾಂತವಾಗಲಿ ಎಂಬುದು. ಆತ್ಮದ ಪ್ರಶ್ನೆ ಕೇಳುವ ಮುಂಚೆ ಆ ಹುಡುಗ ಮನೆಯವರ ನೋವು ನೆನೆದ. ಮಕ್ಕಳೇ, ಆ ಕ್ರಮ ತಪ್ಪಿಸಬೇಡಿ. ಆತ್ಮದ ಪ್ರಶ್ನೆಯನ್ನು ಧಾರಾಳವಾಗಿ ಕೇಳಿ, ಓದಿ, ವಾದ ಮಾಡಿ, ನಂಬಿ ಅಥವಾ ಬಿಡಿ. ಹಿಂದಿನ ಜನ್ಮದ ಲೆಕ್ಕ ನೋಡಲೇಬೇಕೆನಿಸಿದರೆ ನಿಮ್ಮದನ್ನು ನೋಡಿಕೊಳ್ಳಿ. ನೋವಿನಲ್ಲಿರುವವರ ಮುಂದೆ ಆ ಪುಸ್ತಕ ಬಿಚ್ಚಬೇಡಿ.

ನಮ್ಮ ಕನ್ನಡ ಮೇಷ್ಟ್ರು ಇಂದು ನಮ್ಮೊಂದಿಗಿಲ್ಲ. ಎಲ್ಲಿ ಹುಟ್ಟಿದ್ದಾರೋ, ಹುಟ್ಟಿದ್ದಾರೋ ಇಲ್ಲವೋ, ನಾನು ಅರಿಯೆ. ಆ ಸಂಜೆ ಅವರು ನಮ್ಮ ಜಗಲಿಗೆ ಬಂದದ್ದರ ಫಲ ಮಾತ್ರ ಮೂರನೇ ಸಾಲಿನಲ್ಲಿ ಕೂತಿದೆ. ಅವನಿಗೆ ಚಪ್ಪಾಳೆ ಕೇಳಿಸುವುದಿಲ್ಲ. ಎರಡೂ ಕೈ ಮೇಲೆತ್ತಿ ಹೀಗೆ ಅಲ್ಲಾಡಿಸಿದರೆ ಅದೇ ಅವನ ಭಾಷೆಯ ಚಪ್ಪಾಳೆ. ಬ್ಯಾನರಿಗಾಗಿ ಎಲ್ಲರೂ ಒಮ್ಮೆ ಕೈ ಎತ್ತಿ.

ಈ ಶಾಲೆಗೆ ನೂರು ತುಂಬಲಿ.