ಅಕ್ಷಿಪಟಲದ ಸಂಶೋಧನೆಯೂ ದಾನಿಗಳ ಕರ್ತವ್ಯವೂ



ಖಾನಾಪುರದ ಕಾಡಂಚಿನ ಹಳ್ಳಿಗಳಿಂದ ಬೆಳಗಾವಿಯ ಕಣ್ಣಿನ ದವಾಖಾನೆಗೆ ಬರುವ ವೃದ್ಧರು ಬಹುಮಟ್ಟಿಗೆ ಒಂದೇ ಆಸೆಯನ್ನು ಹೊತ್ತು ಬರುವರು: ಪೊರೆ ಬಂದಿದೆ, ತೆಗೆಯಿಸಿದರೆ ಮತ್ತೆ ಕಾಣುವುದು. ಈ ಭರವಸೆಯು ನಿರಾಧಾರವಾದುದಲ್ಲ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರುಗಳಲ್ಲಿ ಶಿಬಿರಗಳನ್ನು ನಡೆಯಿಸಿ ಲಕ್ಷಾಂತರ ಜನರಿಗೆ ದೃಷ್ಟಿಯನ್ನಿತ್ತರು. ಅಂತಹ ಶಿಬಿರಕ್ಕೆ ಅಕ್ಕಿ ಬೇಳೆಗಳನ್ನು ಕೊಟ್ಟವನು ಕೆಲವೇ ದಿನಗಳಲ್ಲಿ ತನ್ನ ದಾನದ ಫಲವನ್ನು ಕಣ್ಣಾರೆ ಕಾಣುವನು.

ಆದರೆ ಕೆಲವರಿಗೆ ವೈದ್ಯರು ಹೇಳುವುದೇ ಬೇರೆ. ದೋಷವು ಕಣ್ಣಿನ ಮುಂದಿನ ಮಸೂರದಲ್ಲಿಲ್ಲ, ಹಿಂದಿನ ಅಕ್ಷಿಪಟಲದಲ್ಲಿದೆ. ಅಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳ ಬೆನ್ನಿಗೆ ವರ್ಣಕೋಶಗಳ ಅತಿ ತೆಳುವಾದ ಪದರವೊಂದುಂಟು. ಆ ಕೋಶಗಳಿಗೆ ಆಹಾರವನ್ನೊದಗಿಸಿ ಅವುಗಳ ಕಸವನ್ನು ತೆಗೆಯುವುದು ಅದರ ಕೆಲಸ. ಮುಪ್ಪಿನಲ್ಲಿ ಈ ಪದರವು ಸವೆದರೆ ಅದನ್ನಾಶ್ರಯಿಸಿದವುಗಳೂ ಸಾಯುವುವು. ಎದುರಿಗೆ ನಿಂತ ಮೊಮ್ಮಗನ ಮುಖದ ನಡುವೆಯೇ ಕತ್ತಲೆ ಕವಿಯುವುದು. ಸತ್ತ ಕೋಶವು ತಾನಾಗಿ ಮರಳಿ ಹುಟ್ಟದು.

ಅದನ್ನು ಹೊರಗೆ ಬೆಳೆಯಿಸಿ ಕಣ್ಣೊಳಗೆ ನೆಡಬಹುದೆ? 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಅವರು ಇಲಿಯ ಸಾಧಾರಣ ಕೋಶವನ್ನು ಆಕರಕೋಶವಾಗಿ, ಎಂದರೆ ನಾನಾ ಅಂಗಗಳ ಕೋಶವಾಗಿ ಬೆಳೆಯಬಲ್ಲ ಬೀಜದಂತೆ, ಮಾರ್ಪಡಿಸಿ ತೋರಿಸಿದರು. 2014ರಲ್ಲಿ ಕೋಬೆ ನಗರದಲ್ಲಿ ಮಸಾಯೊ ತಾಕಾಹಾಶಿಯವರ ತಂಡವು ವೃದ್ಧೆಯೊಬ್ಬಳ ಚರ್ಮದ ಕೋಶಗಳಿಂದಲೇ ಆ ಪದರವನ್ನು ಬೆಳೆಯಿಸಿ ಆಕೆಯ ಕಣ್ಣಿನಲ್ಲಿರಿಸಿತು. ಎರಡನೆಯ ರೋಗಿಗಾಗಿ ಸಿದ್ಧವಾದ ಕೋಶಗಳಲ್ಲಿ ವಂಶವಾಹಿಯ ವ್ಯತ್ಯಾಸಗಳು ಕಂಡಾಗ ಆ ಕಾರ್ಯವನ್ನು ನಿಲ್ಲಿಸಿತು. ಹೀಗೆ ನಿಲ್ಲಿಸುವುದಕ್ಕೂ ಹಣ ಬೇಕು. ದಾನಿಗಳಿಗೆ ಇದು ಸುಲಭವಾಗಿ ಹಿಡಿಸದ ಮಾತು.

ಬೆಂಗಳೂರಿನ ಐಸ್ಟೆಮ್ ಸಂಸ್ಥೆಯು ಇದೇ ಬಗೆಯ ಕೋಶಗಳನ್ನು ಸಿದ್ಧಪಡಿಸುತ್ತ, 2022ರಲ್ಲಿ ಔಷಧ ಕಂಪನಿಗಳೇ ಮೊದಲಾದ ಹೂಡಿಕೆದಾರರಿಂದ 64 ಲಕ್ಷ ಡಾಲರ್ ಬಂಡವಾಳವನ್ನು ಪಡೆಯಿತು. ಇದು ಸ್ತುತ್ಯವೇ ಸರಿ. ಆದರೆ ಬಂಡವಾಳವು ಬಡ್ಡಿಯನ್ನು ಬೇಡುವುದು ಲೋಕರೂಢಿ. ಕೇವಲ ಲಾಭದ ಹಣದಿಂದ ಹುಟ್ಟಿದ ಚಿಕಿತ್ಸೆಯ ಬೆಲೆಯು ಖಾನಾಪುರದ ಒಕ್ಕಲಿಗನಿಗೆ ಎಟುಕುವುದೆ?

ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಪತ್ತನ್ನು ತಾವೆಂದೂ ನೋಡಲಾರದ ವಿದ್ಯಾರ್ಥಿಗಳಿಗೆ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ವೈದ್ಯಕೀಯ ಮಹಾವಿದ್ಯಾಲಯವನ್ನು ಕಂಡುದು 1963ರಲ್ಲಿ. ಸಂಶೋಧನೆಗೆ ಬೇಕಾದುದು ಇಷ್ಟೇ ದೀರ್ಘವಾದ ತಾಳ್ಮೆ. ಆದುದರಿಂದ ಶಿಬಿರಗಳ ದಾನವನ್ನು ಕುಂದಿಸದೆ ಅದರೊಡನೆ ಸಂಶೋಧನೆಗೂ ಒಂದು ಪಾಲನ್ನು ತೆಗೆದಿಡಬೇಕು. ಸಿದ್ಧವಾದ ಚಿಕಿತ್ಸೆಯು ಬಡವರಿಗೆ ದೊರೆಯತಕ್ಕುದೆಂಬ ಕರಾರನ್ನು ಮೊದಲೇ ಬರೆಯಿಸಿಕೊಳ್ಳಬೇಕು.

ಅವಸರಪಡುವವರು ಒಂದನ್ನು ನೆನೆಯಲಿ. ಅಮೇರಿಕದ ಫ್ಲಾರಿಡಾದಲ್ಲಿ ಹಣ ತೆತ್ತು ಆಕರಕೋಶದ ಚುಚ್ಚುಮದ್ದನ್ನು ಕಣ್ಣಿಗೆ ಹಾಕಿಸಿಕೊಂಡ ಮೂವರು ಸ್ತ್ರೀಯರು ಇದ್ದ ದೃಷ್ಟಿಯನ್ನೂ ಕಳೆದುಕೊಂಡ ಸಂಗತಿಯು 2017ರಲ್ಲಿ ಪ್ರಕಟವಾಯಿತು. ಹೊಲ ಮಾರಿ ಅಂತಹ ಮದ್ದನ್ನು ಹುಡುಕಿಕೊಂಡು ಹೋಗಬಾರದೆಂದು ಹಳ್ಳಿಹಳ್ಳಿಗಳಲ್ಲಿ ತಿಳಿಯಹೇಳುವುದಕ್ಕೂ, ಉಳಿದಿರುವ ದೃಷ್ಟಿಯಿಂದ ಓದಲು ಒಳ್ಳೆಯ ಭೂತಗನ್ನಡಿಯನ್ನು ಕೊಡಿಸುವುದಕ್ಕೂ ಹೆಚ್ಚಿನ ದ್ರವ್ಯವೇನೂ ಬೇಡ; ಅದನ್ನು ಈ ವರ್ಷವೇ ಆರಂಭಿಸಬಹುದು.