ಎಳೆಯ ಮಕ್ಕಳ ಪೋಷಣೆಗೆ ಊರಿನ ನಿಧಿ

(ರಾಗಿ ಕ್ಷೇತ್ರೋತ್ಸವವೊಂದರಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟರು ಮಕ್ಕಳ ವಿಷಯ ಮಾತನಾಡುವುದೇಕೆಂದು ನಿಮಗೆ ಅನ್ನಿಸಬಹುದು. ಕಾರಣ ಹೇಳುತ್ತೇನೆ. ಕಳೆ ಎಣಿಸಲು ತಾಕಿಗೆ ಹೋದಾಗಲೆಲ್ಲ ಬದುವಿನ ಹೊಂಗೆಮರಕ್ಕೆ ಕಟ್ಟಿದ ಸೀರೆಯ ಜೋಲಿಯೊಂದನ್ನು ಕಾಣುತ್ತೇನೆ. ಅದರಲ್ಲೊಂದು ಕೂಸು, ಪಕ್ಕದಲ್ಲಿ ತೂಗುತ್ತಾ ಕೂತ ಐದಾರು ವರ್ಷದ ಅಕ್ಕ. ತಾಯಿ ಸಾಲಿನ ಆ ತುದಿಯಲ್ಲಿ. ಕೂಸಿಗೆ ಮಧ್ಯಾಹ್ನದ ಆಹಾರ ಲೋಟದಲ್ಲಿರುವ ನೀರು ಗಂಜಿ. ಎಕರೆಗೆ ಎಷ್ಟು ಹೆಣ್ಣಾಳು ಬೇಕೆಂದು ನಾವು ಲೆಕ್ಕ ಬರೆಯುತ್ತೇವೆ. ಈ ಇಬ್ಬರು ಮಕ್ಕಳು ಆ ಲೆಕ್ಕಕ್ಕೆ ಬರುವುದಿಲ್ಲ.

ಭತ್ತ ಬೆಳೆಯುವವರಿಗೆ ಗೊತ್ತು. ಒಂದು ಎಕರೆ ನಾಟಿಗೆ ಸುಮಾರು 3 ಗುಂಟೆ ಸಸಿಮಡಿ ಸಾಕು. ಅಲ್ಲಿ ಸಸಿ ಸೊರಗಿದರೆ ಮುಂದೆ ಗದ್ದೆಗೆ ಎಷ್ಟು ಯೂರಿಯಾ ಸುರಿದರೂ ತೆಂಡೆ ಸರಿಯಾಗಿ ಒಡೆಯುವುದಿಲ್ಲ. ಮಗುವಿನ ಮೊದಲ ಎರಡು ವರ್ಷವೂ ಹಾಗೆಯೇ. ಆಗ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಿಂದ ಟಿ. ನರಸೀಪುರ ಸೇರಿತ್ತು. ಈಗ ಅಂಗನವಾಡಿ ಇಲ್ಲದ ಊರು ಅಪರೂಪ. 3ರಿಂದ 6 ವರ್ಷದ ಮಕ್ಕಳು ಅಲ್ಲೇ ಕುಳಿತು ಉಣ್ಣುತ್ತಾರೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲೂ ಉಂಟು. 6 ತಿಂಗಳಿಂದ 3 ವರ್ಷದ ಕೂಸಿನ ಪಾಲು ಮಾತ್ರ ಪೊಟ್ಟಣವಾಗಿ ಮನೆಗೆ ಹೋಗುತ್ತದೆ, ಮನೆಮಂದಿಗೆಲ್ಲ ಹಂಚಿಹೋಗುತ್ತದೆ. 2017ರಲ್ಲಿ ಗೊತ್ತುಪಡಿಸಿದ ದರ ಮಗುವಿಗೆ ದಿನಕ್ಕೆ 8 ರೂಪಾಯಿ. ಇದರ ಮೇಲೆ ಊರು ಏನು ಸೇರಿಸಬಲ್ಲದು ಎಂಬುದೇ ಇಂದಿನ ಮಾತು.

ಮೊದಲು ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಆದರೆ ಕೂಸಿನ ಹೊಟ್ಟೆ ಚಿಕ್ಕದು. ಹಸಿ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆಂದು ತಾಯಿ ನೀರು ಹೆಚ್ಚು ಬೆರೆಸುತ್ತಾಳೆ. ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆ ಬರಿಸಿದ ರಾಗಿಯಲ್ಲಿ ಪಿಷ್ಟ ಒಡೆಯುವುದರಿಂದ ಗಂಜಿ ತೆಳುವಾಗಿಯೇ ಉಳಿಯುತ್ತದೆ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಟ್ಟು, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಬೇಕು. ಬೂಸ್ಟು ಹಿಡಿದದ್ದನ್ನು ಎಸೆಯಿರಿ. ಎರಡು ಪಾಲು ರಾಗಿಗೆ ಒಂದು ಪಾಲು ಹುರಿದ ಹೆಸರುಕಾಳು ಸೇರಿಸಿ. ಇಂಥ ಹಿಟ್ಟಿನ 50 ಗ್ರಾಂನಲ್ಲಿ ಸುಮಾರು 6 ಗ್ರಾಂ ಸಸಾರಜನಕ ದೊರೆಯುತ್ತದೆ, ಒಂದು ಮೊಟ್ಟೆಯಷ್ಟು. ಗಂಜಿಯನ್ನು ಚೆನ್ನಾಗಿ ಕುದಿಸಿಯೇ ಕೊಡಬೇಕು.

ಈಗ ಲೆಕ್ಕ. ಊರಿನಲ್ಲಿ ಇಂಥ 30 ಕೂಸುಗಳಿವೆ ಎನ್ನಿ. ದಿನಕ್ಕೆ ತಲಾ 50 ಗ್ರಾಂನಂತೆ 300 ದಿನಕ್ಕೆ ನಾಲ್ಕೂವರೆ ಕ್ವಿಂಟಾಲ್ ಹಿಟ್ಟು. ನೂರು ಮನೆಯವರು ತಲಾ 4 ಕಿಲೋ ರಾಗಿ, 2 ಕಿಲೋ ಹೆಸರು ಕೊಟ್ಟರೆ, ಕಸಕಡ್ಡಿ, ಮೊಳಕೆಯ ಕಳೆತ ಕಳೆದರೂ ಸಾಕು.

ಕಾಯುವವರು ಬೇಕಲ್ಲ? ಹಾಲಿನ ಡೇರಿಗೆ ದಿನಕ್ಕೆ 500 ಲೀಟರ್ ಬರುವ ಊರಿನಲ್ಲಿ ಲೀಟರಿಗೆ 10 ಪೈಸೆಯಂತೆ ಎತ್ತಿಟ್ಟರೆ ವರ್ಷಕ್ಕೆ 18,250 ರೂಪಾಯಿ. ನಾಟಿ, ಕಳೆಯ 60 ದಿನ ಕೂಸುಗಳನ್ನು ನೋಡಿಕೊಳ್ಳುವ ಹೆಂಗಸಿಗೆ ದಿನಕ್ಕೆ 300 ರೂಪಾಯಿ ಕೊಡಬಹುದು. ಸಂಘದ ಉಪನಿಯಮ ನೋಡಿ, ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆ ಪಡೆದೇ ಮಾಡಿ. ದಾನಿಗಳು ಅಂಗನವಾಡಿಗೆ ಗೋಡೆ ಗಡಿಯಾರ ಕೊಟ್ಟು ಹೆಸರು ಬರೆಸುತ್ತಾರೆ. ಗಂಜಿಯ ಮೇಲೆ ಹೆಸರು ಬರೆಯಲಾಗದು, ಅದಕ್ಕೇ ಅದಕ್ಕೆ ದಾನಿಗಳು ಕಡಿಮೆ!

ಲೆಕ್ಕವನ್ನು ಅಂಗನವಾಡಿಯ ಬಾಲವಿಕಾಸ ಸಮಿತಿ ಇಡಲಿ. ಅದರಲ್ಲಿ ಕೂಲಿಗೆ ಹೋಗುವ ಇಬ್ಬರು ತಾಯಂದಿರಾದರೂ ಇರಲಿ. ಕೂಸನ್ನು ಎಷ್ಟು ಹೊತ್ತಿಗೆ ಬಿಡಬೇಕು, ಎಷ್ಟು ಹೊತ್ತಿಗೆ ಕರೆದೊಯ್ಯಬೇಕು ಎಂಬುದು ಅವರಿಗೇ ಗೊತ್ತು.

ರಾಗಿಯನ್ನು ಕಣದಲ್ಲೇ ಅಳೆದುಬಿಡಿ. ಮೂಟೆ ಮನೆ ಸೇರಿದ ಮೇಲೆ ಕೇಳುವುದು ಕಷ್ಟ. ಮುಂಗಾರು ಹೆಸರು ಮೊದಲೇ ಬರುವುದರಿಂದ ಅದನ್ನು ಬೇರೆಯಾಗಿ ಸಂಗ್ರಹಿಸಿ, ಚೆನ್ನಾಗಿ ಒಣಗಿಸಿಡಿ. ಬಿತ್ತಿ ಮಿಕ್ಕ, ಔಷಧಿ ಲೇಪಿಸಿದ ಬೀಜವನ್ನು ಮಾತ್ರ ಯಾರೂ ಈ ಮೂಟೆಗೆ ಸುರಿಯಕೂಡದು. ತೊಳೆದರೂ ಅದು ತಿನ್ನಲು ಯೋಗ್ಯವಲ್ಲ.